ಮೂರು ಸಲ ತಡವಾಗಿ ಬಂದವರು

ಪ್ರೀತಿಯ ಪುಟ್ಟಿ,

ನಿನ್ನ ಫೋನ್ ಬಂದ ಮೇಲೆ ಎರಡು ದಿನ ಅದನ್ನೇ ಯೋಚಿಸಿದೆ. ಅಹಿಂಸೆಯ ಮಾತನ್ನು, ಅದೇ ಯಾರನ್ನೂ ದೂರದೆ ಮನಸ್ಸಿನಲ್ಲಿರುವುದನ್ನು ಹೇಳುವ 'ನಾನ್‌ವಯಲೆಂಟ್ ಕಮ್ಯುನಿಕೇಶನ್' ಅನ್ನು, ಅಭ್ಯಾಸ ಮಾಡಲು ನೀನೇ ಒಂದು ಗುಂಪು ಕಟ್ಟುತ್ತೇನೆ ಅಂದಾಗ ಖುಷಿ ಆಯಿತು, ಸ್ವಲ್ಪ ದಿಗಿಲೂ ಆಯಿತು. "ಶುರು ಮಾಡೋದು ಹೇಗಮ್ಮಾ?" ಅಂದೆ ನೀನು. ಶುರು ಮಾಡೋದು ಸುಲಭ ಕಣೇ. ನಮ್ಮ ಗುಂಪೂ ಚೆನ್ನಾಗಿಯೇ ಶುರುವಾಗಿತ್ತು. ಅದು ಹೇಗೆ ನಿಂತುಹೋಯಿತು ಅಂತ ಮಾತ್ರ ನಿನಗೆ ಯಾವತ್ತೂ ಹೇಳಿರಲಿಲ್ಲ.

ನಾವು ಒಂಬತ್ತು ಜನ ಇದ್ದೆವು. ವಾರಕ್ಕೊಮ್ಮೆ, ಎರಡು ಗಂಟೆ. ನಾಲ್ಕು ಮೆಟ್ಟಿಲು ನಿನಗೆ ಗೊತ್ತೇ ಇದೆ: ಕಂಡದ್ದು, ಮನಸ್ಸಿಗೆ ಆದದ್ದು, ಬೇಕಾಗಿರುವುದು, ಕೇಳಿಕೊಳ್ಳುವುದು. ಒಬ್ಬರು ಮೂರು ವಾರ ಸಾಲಾಗಿ ತಡವಾಗಿ ಬಂದರು. ಮೂರನೇ ಸಲ ನಾನು ಎಲ್ಲರೆದುರೇ ಹೇಳಿದೆ: "ನೀವು ಮೂರು ವಾರದಿಂದ ಇಪ್ಪತ್ತು ನಿಮಿಷ ತಡವಾಗಿ ಬರುತ್ತಿದ್ದೀರಿ. ನನಗೆ ಬೇಸರವಾಗುತ್ತಿದೆ. ನನಗೆ ಒಂದು ಶಿಸ್ತು ಬೇಕು. ಮುಂದಿನ ವಾರ ಸಮಯಕ್ಕೆ ಬರುತ್ತೀರಾ?" ನಾಲ್ಕೂ ಮೆಟ್ಟಿಲು ಸರಿಯಾಗಿತ್ತು. ದನಿ ಕೂಡ ಎತ್ತಿರಲಿಲ್ಲ. ಆಕೆ ಬ್ಯಾಗ್ ತೆಗೆದುಕೊಂಡು ಎದ್ದರು. "ನೀವು ಬೈದಿದ್ದರೂ ಇಷ್ಟು ನೋವಾಗುತ್ತಿರಲಿಲ್ಲ" ಅಂದು ಹೊರಟೇ ಹೋದರು.

ಆಮೇಲೆ ಆ ವಿಷಯ ಯಾರೂ ಎತ್ತಲಿಲ್ಲ. ಕರುಣೆಯ ಮಾತು ಕಲಿಯಲು ಕೂತ ಎಂಟು ಜನ ಸುಮ್ನೆ ಮುಂದಿನ ಪಾಠಕ್ಕೆ ಹೋದೆವು! ಎಂಟು ಆರಾಯಿತು, ಆರು ನಾಲ್ಕಾಯಿತು. ಎಲ್ಲರಿಗೂ ಏನೋ ಕೆಲಸ ಬಂತು.

ಈ ಕ್ರಮವನ್ನು ರೂಪಿಸಿದ ಮಾರ್ಷಲ್ ರೋಸೆನ್‌ಬರ್ಗ್ ಬೆಳೆದದ್ದು ಅಮೆರಿಕದ ಡೆಟ್ರಾಯಿಟ್‌ನಲ್ಲಿ. 1943ರಲ್ಲಿ ಅಲ್ಲಿ ಬಿಳಿಯರಿಗೂ ಕಪ್ಪು ಜನರಿಗೂ ದೊಡ್ಡ ಗಲಭೆ ನಡೆದಾಗ ಅವರಿನ್ನೂ ಚಿಕ್ಕ ಹುಡುಗ. ಹೆಸರಿನಿಂದಲೇ ಯಹೂದಿ ಅಂತ ಗೊತ್ತಾಗಿ ಶಾಲೆಯಲ್ಲಿ ಹೊಡೆತವನ್ನೂ ತಿಂದರು. ಇದು ನಯವಾಗಿ ಮಾತಾಡುವ ಪಾಠವಾಗಿ ಹುಟ್ಟಿದ್ದಲ್ಲ ಅಂತ ಆಗಲೇ ನನಗೆ ಹೊಳೆಯಬೇಕಿತ್ತು. ಅವರು ಜಿರಾಫೆ, ನರಿಯ ಬೊಂಬೆ ಹಿಡಿದು ಕಲಿಸುತ್ತಿದ್ದರು: ಜಿರಾಫೆಯದು ಕರುಣೆಯ ಮಾತು, ನರಿಯದು ದೂರುವ, ತೀರ್ಪು ಕೊಡುವ ಮಾತು. ಜಿರಾಫೆಯ ಹೃದಯ ದೊಡ್ಡದು ಅಂತ ಅದನ್ನು ಆರಿಸಿಕೊಂಡರು. ನಮ್ಮಲ್ಲಿ ಏನಾಯಿತು ಗೊತ್ತಾ? "ಅದು ನರಿ ಮಾತು" ಅನ್ನುವುದೇ ಹೊಸ ಬೈಗುಳವಾಯಿತು.

ಹಾಗಾಗಿ ನಿನ್ನ ಮೊದಲ ಭೇಟಿಯಲ್ಲೇ, ಎಲ್ಲರೂ ಇನ್ನೂ ಚೆನ್ನಾಗಿರುವಾಗಲೇ, ಒಂದು ಪ್ರಶ್ನೆ ಇಡು: ನಮ್ಮೊಳಗೇ ಮನಸ್ಸು ಮುರಿದರೆ ಏನು ಮಾಡೋಣ? ಬ್ರೆಜಿಲ್‌ನಲ್ಲಿ ಡೊಮಿನಿಕ್ ಬಾರ್ಟರ್ ಅನ್ನುವವರು ಜಗಳಗಳಿಗಾಗಿಯೇ ಒಂದು ಕ್ರಮ ಬೆಳೆಸಿದ್ದಾರೆ. ಅದನ್ನು ಜಗಳಕ್ಕೆ ಮೊದಲೇ ಎಲ್ಲರೂ ಸೇರಿ ಕಟ್ಟಿಕೊಳ್ಳಬೇಕು. ಕೂತ ಮೇಲೆ ಮುಖ್ಯವಾಗಿ ಕೇಳುವ ಪ್ರಶ್ನೆ ಇಷ್ಟೇ: "ಅವರು ಹೇಳಿದ್ದರಲ್ಲಿ ನಿಮಗೆ ಏನು ಕೇಳಿಸಿತು?" ಹೇಳಿದವರು "ಹೌದು, ಅದೇ" ಅನ್ನುವವರೆಗೆ ಕೇಳಿಸಿಕೊಂಡವರು ತಮ್ಮ ಮಾತು ಶುರು ಮಾಡುವ ಹಾಗಿಲ್ಲ. ಕೇಳಲು ಸಣ್ಣದು, ಮಾಡಲು ಬೆವರು ಬರುತ್ತದೆ.

ಕನ್ನಡದಲ್ಲಿ ಅಭ್ಯಾಸ ಮಾಡುವಾಗ ಒಂದು ತೊಡಕೂ ಇದೆ. "ನೀವು ನನ್ನನ್ನು ಲೆಕ್ಕಕ್ಕೇ ಇಟ್ಟಿಲ್ಲ ಅಂತ ಅನ್ನಿಸಿತು" ಅನ್ನುತ್ತಾರೆ. ಅನ್ನಿಸಿತು ಅಂದಕೂಡಲೇ ಅದು ಭಾವನೆ ಅಂತ ನಾವೂ ನಂಬುತ್ತಿದ್ದೆವು. ಅದು ತೀರ್ಪು ಅಲ್ವಾ? ನಮಗೆ ಸಹಾಯವಾದ ಒಂದು ಉಪಾಯ ಹೇಳುತ್ತೇನೆ. "ನನಗೆ" ಅಂದ ಮೇಲೆ "ಆಯಿತು" ಸೇರುವ ಮಾತು ಹುಡುಕಿಸು. ನನಗೆ ನಾಚಿಕೆಯಾಯಿತು. ನನಗೆ ಭಯವಾಯಿತು. ಅಲ್ಲಿ "ನೀವು" ನುಸುಳಲು ಜಾಗವಿಲ್ಲ. ಬೇಕಾಗಿರುವುದಕ್ಕೂ ಹಾಗೇ. ಅದರಲ್ಲಿ ಯಾರದಾದರೂ ಹೆಸರಿದ್ದರೆ ಅದು ಬೇಡಿಕೆ, ಒಳಗಿನ ಅಗತ್ಯ ಅಲ್ಲ. ಇನ್ನು ಕೇಳಿಕೊಳ್ಳುವುದು: ಎದುರಿನವರು "ಆಗಲ್ಲ" ಅಂದರೆ ಸಿಟ್ಟು ಬರುತ್ತದಾ? ಹಾಗಾದರೆ ನೀನು ಕೇಳಿಕೊಂಡಿಲ್ಲ, ಅಪ್ಪಣೆ ಮಾಡಿದ್ದೀಯ. ನನ್ನ "ಬರುತ್ತೀರಾ?" ಕೂಡ ಅಪ್ಪಣೆಯೇ ಆಗಿತ್ತು.

ಉಳಿದದ್ದು ಸಣ್ಣ ಪುಟ್ಟದ್ದು. ಹತ್ತಕ್ಕಿಂತ ಜಾಸ್ತಿ ಜನ ಬೇಡ. ಮಾತು ಸಿಗದೆ ಕೂತವರು ಮತ್ತೆ ಬರುವುದಿಲ್ಲ. "ಎಂಟು ವಾರ" ಅಂತ ಮೊದಲೇ ಹೇಳು. ಅವಧಿ ಮುಗಿದಾಗ ಬಿಡುವವರು ಮುಜುಗರವಿಲ್ಲದೆ ಬಿಡಲಿ, ಹೊಸಬರು ಆಗಲೇ ಸೇರಲಿ. ಇಬ್ಬಿಬ್ಬರಾಗಿ ಕೂರಿಸು. ತಲಾ ಹತ್ತು ನಿಮಿಷ ಒಬ್ಬರು ಹೇಳಲಿ, ಇನ್ನೊಬ್ಬರು ಬರೀ ಕೇಳಲಿ, ಸಲಹೆ ಬೇಡ. ಅಲ್ಲಿ ಕೇಳಿದ್ದು ಅಲ್ಲೇ ಇರಬೇಕು. ಯಾರಾದರೂ ತುಂಬಾ ಆಳದ ನೋವಿನಲ್ಲಿದ್ದರೆ ಗುಂಪು ಸಾಲದು, ಆಪ್ತಸಲಹೆಗಾರರ ಹತ್ತಿರ ಹೋಗಲು ನೆರವಾಗು. ನಡೆಸುವ ಕೆಲಸ ಪ್ರತಿ ವಾರ ಕೈ ಬದಲಾಗಲಿ. ನಾನು ಅದನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ತಡವಾದದ್ದು ಗುಂಪಿಗಿಂತ ಜಾಸ್ತಿ ನನ್ನನ್ನೇ ಚುಚ್ಚಿದ್ದು ಅದಕ್ಕೇ ಇರಬೇಕು.

ಆಕೆಯ ನಂಬರ್ ಇನ್ನೂ ನನ್ನ ಫೋನಿನಲ್ಲಿದೆ. ಈ ಪತ್ರ ಮುಗಿಸಿ ಮಾಡೋಣ ಅಂತ ಪಕ್ಕದಲ್ಲೇ ಇಟ್ಟುಕೊಂಡಿದ್ದೇನೆ. ಯಾಕೆ ತಡವಾಗುತ್ತಿತ್ತು ಅಂತ ನಾನು ಒಂದು ಸಲವೂ ಕೇಳಿರಲಿಲ್ಲ, ಪುಟ್ಟಿ.

ನಿನ್ನ
ಅಮ್ಮ