ದೋಸೆಯ ಲೆಕ್ಕ ತಪ್ಪುವುದು ಎಣ್ಣೆಯಲ್ಲಿ

ಮಾನ್ಯ ಸಂಪಾದಕರೇ,

ಸಕ್ಕರೆ ಕಾಯಿಲೆ, ಬೊಜ್ಜು ಎಂದು ವೈದ್ಯರು ಎಚ್ಚರಿಸಿದ ಮೇಲೆ ಹೋಟೆಲ್ ತಿಂಡಿಯ ಕ್ಯಾಲೊರಿ ಲೆಕ್ಕ ಇಡಲು ಹೊರಡುವವರು ಬಹಳ. ಹೆಚ್ಚಿನವರು ಮೊಬೈಲ್ ಆ್ಯಪ್‌ನಲ್ಲಿ ‘ಮಸಾಲೆ ದೋಸೆ’ ಎಂದು ಹುಡುಕಿ ಮೊದಲು ಕಂಡ ಸಂಖ್ಯೆಯನ್ನೇ ಬರೆದುಕೊಳ್ಳುತ್ತಾರೆ. ಅದು ಎಷ್ಟು ಹಿಟ್ಟಿನ ದೋಸೆ, ಎಷ್ಟು ಎಣ್ಣೆ ಬಿಟ್ಟದ್ದು ಎಂಬುದು ಅಲ್ಲಿರುವುದಿಲ್ಲ. ಲೆಕ್ಕ ತಪ್ಪುವುದು ಅಲ್ಲೇ.

ಬಿಡಿಬಿಡಿಯಾಗಿ ನೋಡೋಣ. ದೋಸೆಗೆ 120 ಗ್ರಾಂ ಹಿಟ್ಟು ಹಿಡಿದರೆ ಸುಮಾರು 180 ಕ್ಯಾಲೊರಿ. ಆಲೂಗಡ್ಡೆ ಪಲ್ಯಕ್ಕೆ ಒಗ್ಗರಣೆ ಎಣ್ಣೆಯೂ ಸೇರಿ 100. ಕಾವಲಿಯ ಮೇಲೆ ಸುತ್ತ ಬಿಡುವ ಎರಡು ಟೀ ಚಮಚ ಎಣ್ಣೆಗೆ 80, ಮೇಲಿನ 10 ಗ್ರಾಂ ಬೆಣ್ಣೆಗೆ 72, ಒಂದು ಸಣ್ಣ ಬಟ್ಟಲು ಕಾಯಿ ಚಟ್ನಿಗೆ 60ರಷ್ಟು. ಒಟ್ಟು 500ರ ಹತ್ತಿರ. ಪಲ್ಯದ್ದೂ ಸೇರಿಸಿದರೆ ಎಣ್ಣೆ, ಬೆಣ್ಣೆಯ ಕೊಬ್ಬೇ 20 ಗ್ರಾಂ ದಾಟಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ರಾಷ್ಟ್ರೀಯ ಪೋಷಣಾ ಸಂಸ್ಥೆಯು 2,000 ಕ್ಯಾಲೊರಿಯ ಇಡೀ ದಿನದ ಊಟಕ್ಕೆ ಹೇಳಿರುವ ಅಡುಗೆ ಎಣ್ಣೆ, ತುಪ್ಪ ಎಲ್ಲ ಸೇರಿ 27 ಗ್ರಾಂ ಮಾತ್ರ. ‘ಬೆಣ್ಣೆ ಬೇಡ, ಎಣ್ಣೆ ಅರ್ಧ ಹಾಕಿ’ ಎಂದು ಆರ್ಡರ್ ಕೊಡುವಾಗಲೇ ಹೇಳಿದರೆ 110 ಕ್ಯಾಲೊರಿ ಉಳಿಯುತ್ತದೆ. ಸಾಂಬಾರ್ ಎಷ್ಟು ಹಾಕಿಸಿಕೊಂಡೆವು ಎಂಬ ಚಿಂತೆ ಅಷ್ಟು ಮುಖ್ಯವಲ್ಲ, ಎರಡನೇ ಬಾರಿ ಚಟ್ನಿ ಹಾಕಿಸಿಕೊಂಡದ್ದು ಮುಖ್ಯ.

ಇದೇ ಕಾರಣಕ್ಕೆ ಎರಡು ಇಡ್ಲಿಗೂ ಒಂದು ಸೌಟು ಕೇಸರಿಬಾತಿಗೂ ಅಜಗಜಾಂತರ. ತಲಾ 50 ಗ್ರಾಮಿನ ಎರಡು ಇಡ್ಲಿ 130-140 ಕ್ಯಾಲೊರಿ. ಕೇಸರಿಬಾತಿನ ಸೌಟಿನಲ್ಲಿ 25 ಗ್ರಾಂ ರವೆ, 30 ಗ್ರಾಂ ಸಕ್ಕರೆ, 12 ಗ್ರಾಂ ತುಪ್ಪ ಇದ್ದರೆ 300 ದಾಟಿತು.

ಊಟದ ವಿಷಯದಲ್ಲಿ ಪದೇ ಪದೇ ಆಗುವ ತಪ್ಪು ಅಕ್ಕಿಯದು. 100 ಗ್ರಾಂ ಅಕ್ಕಿಗೆ 350 ಕ್ಯಾಲೊರಿ, ಅದೇ ತೂಕದ ಅನ್ನಕ್ಕೆ 130ರಷ್ಟು. ಅನ್ನಕ್ಕೆ ಅಕ್ಕಿಯ ಸಂಖ್ಯೆ ಹಾಕಿದರೆ ಲೆಕ್ಕ ಮೂರು ಪಟ್ಟು ಹತ್ತಿರ ಏರುತ್ತದೆ. ಉತ್ತರ ಭಾರತೀಯ ಗ್ರೇವಿಗಳಲ್ಲಿ ಮೇಲೆ ತೇಲುವ ಎಣ್ಣೆಯನ್ನು ಬಟ್ಟಲಲ್ಲೇ ಬಿಡಿ. ಒಂದು ದೊಡ್ಡ ಚಮಚ ಎಂದರೆ 120 ಕ್ಯಾಲೊರಿ.

ಗಿರಾಕಿ ಊಹಿಸಬಲ್ಲದ್ದು ಇಷ್ಟು. ಕರಿದ ತಿಂಡಿಯ ಲೆಕ್ಕ ಮಾತ್ರ ಅಡುಗೆಮನೆಯವರಿಗೇ ಸಾಧ್ಯ, ಅದಕ್ಕೆ ಒಂದು ತಕ್ಕಡಿ ಸಾಕು. ಉದ್ದಿನ ವಡೆ ಕರಿಯುವ ಮೊದಲು ಎಣ್ಣೆ ತೂಗಿ, ನಡುವೆ ಸುರಿದದ್ದನ್ನೂ ಬರೆದಿಡಬೇಕು. 100 ವಡೆ ಆದ ಮೇಲೆ ಬಾಣಲೆಯಲ್ಲಿ ಉಳಿದದ್ದನ್ನೂ ವಡೆ ಸೋರಲು ಇಟ್ಟ ತಟ್ಟೆಯಲ್ಲಿ ಇಳಿದದ್ದನ್ನೂ ತೂಗಿ ಕಳೆಯಬೇಕು. 800 ಗ್ರಾಂ ಖರ್ಚಾಗಿದ್ದರೆ ವಡೆಯೊಂದಕ್ಕೆ 8 ಗ್ರಾಂ, ಅಂದರೆ 72 ಕ್ಯಾಲೊರಿ. ತಟ್ಟೆಯ ಎಣ್ಣೆ ಮರೆತರೆ ಲೆಕ್ಕ ಸುಮ್ಮನೆ ಏರುತ್ತದೆ. ಎಣ್ಣೆ ಸರಿಯಾಗಿ ಕಾಯದಿದ್ದರೆ, ಹಿಟ್ಟಿಗೆ ಸೋಡಾ ಹೆಚ್ಚಾದರೆ ಅದೇ ವಡೆ ಇನ್ನಷ್ಟು ಎಣ್ಣೆ ಕುಡಿಯುತ್ತದೆ. ಹಾಗಾಗಿ ಒಂದೇ ದಿನದ ತೂಕ ಸಾಲದು, ಬೇರೆ ಬೇರೆ ದಿನ ತೂಗಿ ಸರಾಸರಿ ತೆಗೆಯಬೇಕು.

ಬಿಸಿಬೇಳೆಬಾತಿನಂಥದ್ದು ಇನ್ನೂ ಸುಲಭ. ಹಾಕಿದ ಸಾಮಾನುಗಳ ಒಟ್ಟು ಕ್ಯಾಲೊರಿಯನ್ನು ಬೆಂದ ಮೇಲಿನ ತೂಕದಿಂದ ಭಾಗಿಸಿ, ಒಂದು ಸೌಟು ಬಾತಿನ ತೂಕದಿಂದ ಗುಣಿಸಿದರಾಯಿತು. ಪಾತ್ರೆಯ ತೂಕ ಕಳೆಯಬೇಕು, ಬಡಿಸುವಾಗ ಮೇಲೆ ಹಾಕುವ ತುಪ್ಪವನ್ನು ಬೇರೆಯಾಗಿ ಕೂಡಿಸಬೇಕು. ಹೆಚ್ಚಿನ ಸಾಮಾನುಗಳ ಅಂಕಿ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಸಂಯೋಜನೆ ಕೋಷ್ಟಕದಲ್ಲಿ ಸಿಗುತ್ತದೆ.

ಕಾನೂನು ಇಲ್ಲವೆಂದಲ್ಲ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2020ರ ನಿಯಮಾವಳಿಯಂತೆ ಕೇಂದ್ರ ಪರವಾನಗಿ ಪಡೆದ ಅಥವಾ 10 ಮತ್ತು ಅದಕ್ಕಿಂತ ಹೆಚ್ಚು ಕಡೆ ಶಾಖೆ ಇರುವ ಹೋಟೆಲುಗಳು ಮೆನುವಿನಲ್ಲಿ ಪ್ರತಿ ತಿಂಡಿಯ ಎದುರು ಕ್ಯಾಲೊರಿ ಮತ್ತು ಬಡಿಸುವ ಪ್ರಮಾಣ ಮುದ್ರಿಸಬೇಕು. 2022ರ ಜುಲೈ 1ರಿಂದ ಇದು ಜಾರಿಯಲ್ಲಿದೆ. ಗಿರಾಕಿ ಕೇಳಿದಂತೆ ಬದಲಿಸಿ ಮಾಡಿಕೊಡುವ ತಿಂಡಿಗೆ ವಿನಾಯಿತಿ ಇದೆ. ಹಾಗಾಗಿ ಹೆಚ್ಚುವರಿ ಚೀಸ್ ಹಾಕಿಸಿಕೊಂಡರೆ ಮೆನುವಿನ ಅಂಕಿಗೆ ಅದನ್ನು ನಾವೇ ಕೂಡಿಸಿಕೊಳ್ಳಬೇಕು. ಆದರೆ ನಮ್ಮ ಜನ ದಿನವೂ ತಿನ್ನುವುದು ಒಂದೆರಡು ಶಾಖೆಯ ದರ್ಶಿನಿಗಳಲ್ಲಿ, ಖಾನಾವಳಿಗಳಲ್ಲಿ. ಅವು ಈ ನಿಯಮದ ಹೊರಗಿವೆ.

ಪ್ರಯೋಗಾಲಯದ ವರದಿ ತನ್ನಿ ಎಂದು ಸಣ್ಣ ಹೋಟೆಲಿನವರ ಮೇಲೆ ಹೊರೆ ಹೊರಿಸುವುದು ನ್ಯಾಯವಲ್ಲ. ಹೋಟೆಲ್ ಮಾಲೀಕರ ಸಂಘಗಳು ಮೇಲಿನ ತೂಕದ ವಿಧಾನವನ್ನು ತಮ್ಮ ಅಡುಗೆಯವರಿಗೆ ಕಲಿಸಲಿ. ಹೆಚ್ಚು ಖರ್ಚಾಗುವ ಹತ್ತು ತಿಂಡಿಗಳಿಂದ ಶುರುವಾಗಲಿ. ಕ್ಯಾಲೊರಿ ಬರೆಯಲು ಹಿಂಜರಿಕೆಯಿದ್ದರೆ, ದರಪಟ್ಟಿಯ ಪಕ್ಕ ‘ದೋಸೆ: ಹಿಟ್ಟು 120 ಗ್ರಾಂ, ಎಣ್ಣೆ 2 ಟೀ ಚಮಚ, ಬೆಣ್ಣೆ 10 ಗ್ರಾಂ’ ಎಂದಷ್ಟೇ ಬರೆದರೂ ಉಳಿದ ಲೆಕ್ಕವನ್ನು ಗಿರಾಕಿಯೇ ಹಾಕಿಕೊಳ್ಳುತ್ತಾನೆ.

– ಆಹಾರತಜ್ಞೆ, ಮೈಸೂರು