ದೋಣಿಯ ಎಂಜಿನ್ ಹಲಗೆಗೆ ಸಿಕ್ಕಸಿಕ್ಕ ಪ್ಲೈವುಡ್ ಬೇಡ

ಮಾನ್ಯ ಸಂಪಾದಕರೇ,

ಸಣ್ಣ ಅಲ್ಯೂಮಿನಿಯಂ ದೋಣಿ ಇರುವವರು ಹೊರಗಿನ ತಗಡನ್ನಷ್ಟೇ ನೋಡುತ್ತಾರೆ. ಎಂಜಿನ್‌ನ ಭಾರ ಹೊರುವುದು ಹಿಂಬದಿಯೊಳಗಿನ ಮರದ ಹಲಗೆ. ಔಟ್‌ಬೋರ್ಡ್ ಎಂಜಿನ್‌ನ (ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ ಎಂಜಿನ್) ಕೆಳತುದಿ ಹಿಡಿದು ಮೇಲಕ್ಕೂ ಕೆಳಕ್ಕೂ ಅಲುಗಿಸಿ. ಹಿಂಬದಿ ಬಾಗಿದರೆ ಮರ ಕೊಳೆತಿರುವ ಸಾಧ್ಯತೆಯೇ ಹೆಚ್ಚು.

ಹಳೆಯ ಹಲಗೆಯನ್ನು ಆದಷ್ಟು ಇಡಿಯಾಗಿ ತೆಗೆಯಿರಿ, ಹೊಸದಕ್ಕೆ ಅದೇ ಅಚ್ಚು. ದಪ್ಪ ಮೊದಲಿನಷ್ಟೇ ಇರಬೇಕು. ಒಂದೂವರೆ ಇಂಚಿನದಾದರೆ 19 ಮಿ.ಮೀ.ನ ಎರಡು ಮರೈನ್ ಪ್ಲೈವುಡ್ ತುಂಡುಗಳನ್ನು ಎಪಾಕ್ಸಿಯಿಂದ (ಎರಡು ದ್ರವ ಬೆರೆಸಿ ಬಳಸುವ ಗಟ್ಟಿ ಅಂಟು) ಅಂಟಿಸಿ, ಕ್ಲ್ಯಾಂಪ್ ಬಿಗಿದು ಒಂದು ದಿನ ಬಿಡಿ. ಕೊಳ್ಳುವಾಗ ಮರೈನ್ ಪ್ಲೈವುಡ್‌ನ ಭಾರತೀಯ ಮಾನಕವಾದ ಐಎಸ್ 710 ಗುರುತು ನೋಡಿ. ಸಾಮಾನ್ಯ ಪ್ಲೈವುಡ್‌ನ ಐಎಸ್ 303 ಪೀಠೋಪಕರಣಕ್ಕೆ ಸಾಕು, ನೀರಿಗಲ್ಲ.

ಕೊಳೆ ಹೆಚ್ಚಾಗಿ ಶುರುವಾಗುವುದು ನೀರು ಇಳಿಯುವ ಬೋಲ್ಟ್ ತೂತುಗಳಿಂದ. ಆದ್ದರಿಂದ ತೂತನ್ನು ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಸರಿಯಳತೆಗೆ ಮತ್ತೆ ಕೊರೆಯಬೇಕು. ಅಂಚುಗಳಿಗೆ ಮೂರು ಕೋಟ್ ಎಪಾಕ್ಸಿ, 316 ದರ್ಜೆಯ ಸ್ಟೇನ್‌ಲೆಸ್ ಉಕ್ಕಿನ ಬೋಲ್ಟ್, ಜೊತೆಗೆ ಸಮುದ್ರಕ್ಕೆ ತಕ್ಕ ಸೀಲಂಟ್ (ಸಂದಿಗೆ ನೀರು ಹೋಗದಂತೆ ಮುಚ್ಚುವ ಅಂಟು) ಬೇಕು.

ಬಾಳಿಕೆಗೆಂದು ತಾಮ್ರದ ಔಷಧ ಹಾಕಿದ ಮರವನ್ನಂತೂ ಬಳಸಲೇಬಾರದು. ತೇವ ತಾಗಿದರೆ ಆ ತಾಮ್ರ ಅಲ್ಯೂಮಿನಿಯಂ ತಗಡನ್ನೇ ತಿನ್ನುತ್ತದೆ. ಹಲಗೆ ಉಳಿದು ದೋಣಿ ತೂತಾಗುತ್ತದೆ. ಮೀನುಗಾರರ ತರಬೇತಿಗಳಲ್ಲಿ ಈ ಒಂದು ಎಚ್ಚರಿಕೆಯನ್ನಾದರೂ ಹೇಳಿಕೊಡಬೇಕೆಂದು ವಿನಂತಿ.

– ಓದುಗ, ಉಡುಪಿ