10 ವರ್ಷ ಈ ಕಚೇರಿಯನ್ನು ಹಿಡಿದು ನಿಲ್ಲಿಸಿದವರಿಗೆ

ನಮ್ಮ ವಕೀಲರ ಕಚೇರಿಗೆ ಈ ತಿಂಗಳು 10 ವರ್ಷ ತುಂಬಿತು. ಇಬ್ಬರಿಂದ ಆರಂಭವಾದದ್ದು, ಈಗ ಏಳು ಜನರಿದ್ದೇವೆ. ಕಳೆದ ವರ್ಷ ಒಂದೇ ತಿಂಗಳಲ್ಲಿ ಇಬ್ಬರು ಕಿರಿಯ ವಕೀಲರು ಬಿಟ್ಟು ಹೋದಾಗ, ಬಾಗಿಲು ಮುಚ್ಚಿ ಮತ್ತೆ ಒಬ್ಬನೇ ವಕಾಲತ್ತು ಮಾಡಿಕೊಂಡಿರುವುದೇ ಲೇಸು ಎಂದು ತೀರ್ಮಾನಿಸಿದ್ದೆ. ಹಾಗಾಗದಂತೆ ತಡೆದವರಿಗೆ ಈ ಬರಹ.

ಮೊದಲು ನಮ್ಮ ಗುಮಾಸ್ತರಿಗೆ. ಆಗ ನಾನು ದೊಡ್ಡದೊಂದು ಪ್ರಕರಣದ ಪಾಟಿ ಸವಾಲಿನಲ್ಲಿ ದಿನಗಟ್ಟಲೆ ಮುಳುಗಿದ್ದೆ. ಇನ್ನೊಬ್ಬ ಕಕ್ಷಿದಾರರ ಮೇಲ್ಮನವಿಯ ಕೊನೆಯ ದಿನಾಂಕ ನನ್ನ ಡೈರಿಯಲ್ಲಿ ಮಾತ್ರ ಇತ್ತು, ಡೈರಿ ನನ್ನ ಚೀಲದಲ್ಲಿತ್ತು. ತೀರ್ಪಿನ ದೃಢೀಕೃತ ನಕಲು ತಂದ ಗುಮಾಸ್ತರು, ಯಾರೂ ಹೇಳದಿದ್ದರೂ ದಿನ ಎಣಿಸಿ ನೋಡಿ, ನ್ಯಾಯಾಲಯದ ಪಡಸಾಲೆಗೆ ಓಡಿ ಬಂದರು. "ಸರ್, ಇನ್ನು ನಾಲ್ಕೇ ದಿನ." ಎರಡು ರಾತ್ರಿ ಮೂವರು ಕುಳಿತು ಬರೆದೆವು, ಮೂರನೆಯ ದಿನ ಸಲ್ಲಿಸಿದೆವು. ಕಾಲಮಿತಿ ಮೀರಿದ ಮೇಲೆ ವಿಳಂಬ ಮನ್ನಿಸಿರೆಂದು ಬೇಡಿಕೊಳ್ಳಬಹುದು, ಮನ್ನಿಸಿಯೇ ತೀರುತ್ತಾರೆಂಬ ಖಾತ್ರಿ ಇಲ್ಲ. ನಮ್ಮನ್ನು ನಂಬಿ ಬಂದವರ ಹಕ್ಕೊಂದು ಗುಮಾಸ್ತರ ಎಣಿಕೆಯಿಂದ ಉಳಿಯಿತು. ಈಗ ಪ್ರತಿ ಕೊನೆಯ ದಿನಾಂಕವನ್ನೂ ಇಬ್ಬರು ಬೇರೆ ಬೇರೆಯಾಗಿ ಎಣಿಸಿ, ಎಲ್ಲರಿಗೂ ಕಾಣುವ ಡೈರಿಯಲ್ಲಿ ಬರೆಯುತ್ತಾರೆ. ಸಲ್ಲಿಕೆಯ ರಸೀದಿ ನೋಡದೆ ಅದನ್ನು ಹೊಡೆದುಹಾಕುವ ಅಧಿಕಾರ ಯಾರಿಗೂ ಇಲ್ಲ, ನನಗೂ ಇಲ್ಲ.

ಬಿಟ್ಟು ಹೋದ ಕಿರಿಯರಲ್ಲಿ ಒಬ್ಬರಿಗೂ ನಾನು ಋಣಿ. ಕೊನೆಯ ದಿನ ಅವರು ಹೇಳಿದರು: "ಕಕ್ಷಿದಾರರು ಫೋನ್ ಮಾಡಿದರೆ ಹೇಳಲು ನಮ್ಮಲ್ಲಿ ಏನೂ ಇರುತ್ತಿರಲಿಲ್ಲ. ಎಲ್ಲವೂ ನಿಮ್ಮ ತಲೆಯಲ್ಲೇ ಇತ್ತು." ಆ ಮಾತು ಚುಚ್ಚಿತು, ನಿಜವಾದ್ದರಿಂದಲೇ ಚುಚ್ಚಿತು. ಸಿಬ್ಬಂದಿಗೆ ಕೊಟ್ಟ ಗಳಿಗೆ ಕಕ್ಷಿದಾರರಿಂದ ಕಸಿದದ್ದೆಂದು ನಾನು ವರ್ಷಗಟ್ಟಲೆ ನಂಬಿದ್ದೆ. ಕರಡನ್ನು ಕೆಂಪು ಶಾಯಿಯಲ್ಲಿ ತಿದ್ದಿ, ಯಾಕೆ ತಿದ್ದಿದೆನೆಂದು ಹೇಳದೆ ಹಿಂದಿರುಗಿಸುತ್ತಿದ್ದೆ. ಅದೇ ತಪ್ಪು ಮುಂದಿನ ಕರಡಿನಲ್ಲೂ ಬರುತ್ತಿತ್ತು, ಕಕ್ಷಿದಾರರು ಇನ್ನೊಂದು ವಾರ ಕಾಯುತ್ತಿದ್ದರು. ಈಗ ಪ್ರತಿ ಸೋಮವಾರ ನ್ಯಾಯಾಲಯಕ್ಕೆ ಹೊರಡುವ ಮೊದಲು 40 ನಿಮಿಷ ಎಲ್ಲರೂ ಕೂರುತ್ತೇವೆ. ಪ್ರತಿ ಕಡತಕ್ಕೂ ಮೂರೇ ಪ್ರಶ್ನೆ: ಮುಂದಿನ ದಿನಾಂಕ ಯಾವುದು, ಕೆಲಸ ಯಾರದು, ಕಕ್ಷಿದಾರರಿಗೆ ತಿಳಿಸಿದ್ದೇವೆಯೇ? ಇದನ್ನು ಮೊದಲೇ ಮಾಡಿದ್ದರೆ ಅವರು ಇನ್ನೂ ಇಲ್ಲಿರುತ್ತಿದ್ದರೇನೋ.

ಮೂರನೆಯವರು ಆಸ್ತಿ ಪಾಲಿನ ದಾವೆಯ ಒಬ್ಬ ಹಿರಿಯ ತಾಯಿ. "ಗೆಲ್ಲಿಸುತ್ತೇನೆಂದು ಹೇಳಬೇಡಿ, ಕೇಸು ಎಲ್ಲಿ ನಿಂತಿದೆ ಎಂದು ಹೇಳಿದರೆ ಸಾಕು" ಎಂದರು. ಅಂದಿನಿಂದ, ಏನೂ ನಡೆದಿಲ್ಲದ ದಿನವೂ "ಏನೂ ನಡೆದಿಲ್ಲ" ಎಂದು ಸಂಜೆಯೊಳಗೆ ಕರೆ ಮಾಡುತ್ತೇವೆ. ಕರೆ ಮಾಡುವವರು ಆ ಕಡತ ನೋಡಿಕೊಳ್ಳುವ ಕಿರಿಯ ವಕೀಲರೇ. ಮೊದಲ ಭೇಟಿಯಲ್ಲೇ ಅವರನ್ನು ನನ್ನ ಪಕ್ಕದಲ್ಲಿ ಕೂರಿಸಿಕೊಳ್ಳುವುದರಿಂದ ಆ ದನಿ ಕಕ್ಷಿದಾರರಿಗೆ ಅಪರಿಚಿತವಲ್ಲ.

ಫೋನ್ ಎತ್ತುವ ನಮ್ಮ ಸಹಾಯಕಿಗೆ ಧನ್ಯವಾದಕ್ಕಿಂತ ಮೊದಲು ಕ್ಷಮೆ ಕೇಳಬೇಕು. ಒಬ್ಬ ಕಕ್ಷಿದಾರರು ಅವರನ್ನು ತಿಂಗಳುಗಟ್ಟಲೆ ಬೈಯುತ್ತಿದ್ದುದು ನನಗೆ ತಿಳಿದಿತ್ತು. ಒಳ್ಳೆಯ ಶುಲ್ಕ ಕೊಡುತ್ತಿದ್ದರೆಂದು ಸುಮ್ಮನಿದ್ದೆ. ಕೊನೆಗೆ ಬೇರೆ ವಕೀಲರನ್ನು ನೇಮಿಸಿಕೊಳ್ಳಲು ಆ ಕಕ್ಷಿದಾರರಿಗೆ ತಿಳಿಸಿ, ಸಮಯ ಕೊಟ್ಟು, ಒಂದು ಕಾಗದವನ್ನೂ ಉಳಿಸಿಕೊಳ್ಳದೆ ಕಡತ ಒಪ್ಪಿಸಿದೆವು. ತಡವಾಗಿ ಮಾಡಿದೆ.

ಮುಂದಿನ ವಾರ ನಮ್ಮ ಅತಿ ಕಿರಿಯ ವಕೀಲೆ ಮೊದಲ ಸಲ ಸ್ವತಂತ್ರವಾಗಿ ವಾದ ಮಂಡಿಸಲಿದ್ದಾರೆ. ಅದು ಆ ಹಿರಿಯ ತಾಯಿಯ ಮಧ್ಯಂತರ ಅರ್ಜಿ. "ಫೋನ್ ಮಾಡುವ ಆ ಹುಡುಗಿಯೇ ಮಾತಾಡಲಿ" ಎಂದು ಅವರೇ ಕೇಳಿಕೊಂಡರು. ಗುಮಾಸ್ತರು ಆಗಲೇ ಕಡತ ಕಟ್ಟಿಟ್ಟಿದ್ದಾರೆ.